ಸವಿತಾಳ ಕಾರು

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿಗೆ ಪೆಟ್ರೋಲಿನ ಜೊತೆ ಬಾಡಿದ ಚೆಂಡುಹೂವಿನ ವಾಸನೆಯೂ ಇತ್ತು. ಈಗಲೂ ಯಾವುದಾದರೂ ಹಳೆಯ ಟ್ಯಾಕ್ಸಿಯಲ್ಲಿ ಆ ವಾಸನೆ ಬಂದರೆ ನನಗೆ ನವಿ ಮುಂಬಯಿಯ ಕೋಪರಖೈರಣೆಯ ಆ ಭಾನುವಾರ ನೆನಪಾಗುತ್ತದೆ.

ಅಪ್ಪನ ಹಳೆಯ ಕಾರುಗಳ ಕ್ಲಬ್ಬಿನವರು ಅನಾಥಾಶ್ರಮದ ಮಕ್ಕಳನ್ನು ಒಂದು ಸುತ್ತು ಕರೆದೊಯ್ದು, ಊಟ ಹಾಕಿಸಿ, ಸಂಜೆ ಮರಳಿ ಬಿಡುವುದೆಂದು ನಿಶ್ಚಯಿಸಿದ್ದರು. ಗೊಂದಲವಾಗದಿರಲೆಂದು ಅಪ್ಪ ಪ್ರತಿ ಕಾರಿನ ಗಾಜಿಗೂ ಒಂದೊಂದು ಮಗುವಿನ ಹೆಸರು ಅಂಟಿಸಿದ್ದರು. ನಮ್ಮ ಫಿಯೆಟ್ಟಿಗೆ ಸವಿತಾಳ ಹೆಸರು.

"ರಾಯ್ರೇ, ನಿಮ್ಮ ಗಾಡಿ ವಾಶಿ ದಾಟ್ತದಾ, ಇಲ್ಲ ಮಕ್ಳೇ ತಳ್ಬೇಕಾ?" ಎಂದು ಗೆಳೆಯರು ನಗಾಡಿದರು.

ನನ್ನದೇ ವಯಸ್ಸಿನ ಸವಿತಾ ಬಟ್ಟೆ ತುಂಬಿದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ದಾರಿಯುದ್ದಕ್ಕೂ ಮರಾಠಿಯಲ್ಲಿ ಕೇಳುತ್ತಲೇ ಇದ್ದಳು. "ನಿಮ್ಮ ಮನೆ ಎಷ್ಟನೇ ಮಾಳಿಗೆ?" "ನಾನು ನಿನ್ನ ಪಕ್ಕದಲ್ಲೇ ಮಲಗಲಾ?" ನಾನು ಅಮ್ಮನ ಮುಖ ನೋಡಿದೆ. ಅಮ್ಮ ಕಿಟಕಿಯ ಕಡೆ ತಿರುಗಿದಳು.

ಸಂಜೆ ಆಶ್ರಮದ ಗೇಟಿನಲ್ಲಿ ಅವಳು ಇಳಿಯಲಿಲ್ಲ. ಅಲ್ಲಿಯ ಆಯಾ ಅಪ್ಪನನ್ನು ಪಕ್ಕಕ್ಕೆ ಕರೆದು, "ಇಲ್ಲಿ ಒಂದು ಮಗುವಿಗೆ ಅಂತ ಕಾರು ಬಂದರೆ, ದತ್ತು ತಗೊಳ್ಳೋದಕ್ಕೇ ಬರೋದು, ಸಾಹೇಬ್" ಎಂದಳು.

ಅಪ್ಪ ಕಾರಿನೊಳಗೆ ಬಗ್ಗಿದರು. "ಸವಿತಾ ಬೇಟಾ, ಹಮ್ ಫಿರ್..."

"ಇವ್ರೇ, ಮತ್ತೆ ಬರ್ತೇವೆ ಅಂತ ಮಾತ್ರ ಹೇಳ್ಬೇಡಿ," ಅಂದಳು ಅಮ್ಮ.

ಅಪ್ಪ ಕಾರಿನಿಂದ ತಲೆ ಹೊರಗೆಳೆದುಕೊಂಡರು. ಸವಿತಾ ನನ್ನ ಫ್ರಾಕಿನ ಅಂಚನ್ನು ಹಿಡಿದಿದ್ದಳು. ಆಯಾ ಅವಳ ಬೆರಳುಗಳನ್ನು ಬಿಡಿಸುವವರೆಗೂ ನಾನು ಅಲುಗಾಡದೆ ಕೂತಿದ್ದೆ.

ಮರುದಿನ ಬೆಳಿಗ್ಗೆ ನನ್ನನ್ನು ಸ್ಕೂಲಿಗೆ ಬಿಡಲು ಅಪ್ಪ ಕಾರು ತೆಗೆದು ನಿಂತಿದ್ದರು. ನಾನು ಅವರ ಪಕ್ಕದಿಂದಲೇ ದಾಟಿ, ನಡೆದುಕೊಂಡು ಹೋದೆ.