ಬಾಣಂತಿಗೆಂದು ತಂದ ಬಾಟಲಿ

ಸಾರಾಯಿ ಬಾಟಲಿ ಕೈಗೆ ಬಂದ ಕೂಡಲೇ ಆ ಮನುಷ್ಯ ಸೊಂಟದಿಂದ ಸೀಟಿ ತೆಗೆದು ಊದಿದ. ಬೇಲಿಯಾಚೆಯಿಂದ ಇಬ್ಬರು ಪೊಲೀಸರು ಓಡಿಬಂದರು. ಶಿವನಿ ಊರಿನ ತಿಪ್ಪಮ್ಮನಿಗೆ ಏನೂ ಅರ್ಥವಾಗಲಿಲ್ಲ. “ಬೇಗ ಹೋಗಪ್ಪಾ, ಬಾಣಂತಿ ಒಬ್ಳೇ ಅವ್ಳೆ” ಎಂದಳು.

ಗಂಡ ಸತ್ತ ಹೊಸತರಲ್ಲಿ ಅವಳು ಕಳ್ಳಭಟ್ಟಿ ಇಳಿಸುತ್ತಿದ್ದುದು ನಿಜ. ಮಗಳ ಮದುವೆಯಾದ ಮೇಲೆ ಮಡಕೆ ಒಡೆದುಹಾಕಿ, ಸೊಪ್ಪು ಮಾರಿಕೊಂಡು ಇದ್ದಳು. ಠಾಣೆಯವರು ಮಾತ್ರ ಅವಳ ಹೆಸರು ಮರೆತಿರಲಿಲ್ಲ.

ಕೇಸು ತರೀಕೆರೆ ಕೋರ್ಟಿಗೆ ಬಂತು. ಅಂದು ಬಾಟಲಿ ಇಸಿದುಕೊಂಡಿದ್ದ ಕಾನ್‌ಸ್ಟೇಬಲ್ ಗಂಗಾಧರಯ್ಯ ಈಗ ಖಾಕಿ ತೊಟ್ಟು ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ. ತಿಪ್ಪಮ್ಮನಿಗೆ ವಕೀಲರಿರಲಿಲ್ಲ.

“ಇವರನ್ನ ಏನಾದರೂ ಕೇಳೋದಿದೆಯೇನಮ್ಮಾ?” ಎಂದರು ಮ್ಯಾಜಿಸ್ಟ್ರೇಟರು.

ಅವಳು ಗಂಗಾಧರಯ್ಯನ ಕಡೆ ತಿರುಗಿದಳು. “ನಿನ್ನ ಹೆಂಡ್ತಿ ನಡುಕ ನಿಂತ್ತೇನಪ್ಪಾ?”

ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. “ಯಾವ ಹೆಂಡತಿ?” ಎಂದು ಗಂಗಾಧರಯ್ಯನನ್ನು ಕೇಳಿದರು.

“ನಂಗೆ ಮದುವೆ ಆಗಿಲ್ಲ ಸ್ವಾಮಿ. ಹೆಂಡ್ತಿ ಹೆತ್ತವ್ಳೆ, ಮೈಯೆಲ್ಲ ತಣ್ಣಗಾಗಿ ನಡುಗ್ತಾವ್ಳೆ, ಉಜ್ಜಾಕೆ ಬೆಲ್ಲದ ಸಾರಾಯಿ ಬೇಕು ಅಂತ ಸುಳ್ಳು ಹೇಳಿದ್ದೆ.”

“ಕೇಳಿದ ಕೂಡಲೇ ಕೊಟ್ಟಳೇ?”

“ಇಲ್ಲ ಸ್ವಾಮಿ. ಬೆಳಿಗ್ಗೆ ಬೈದು ಕಳಿಸಿದ್ಲು. ಮಧ್ಯಾಹ್ನ ಬಾಗ್ಲು ಹಾಕ್ಕೊಂಡ್ಲು. ಸಂಜೆ ಕಾಲು ಹಿಡ್ಕೊಂಡೆ. ಆಮೇಲೆ ಎಲ್ಲೋ ಹೋಗಿ ಬೇಡಿ ತಂದ್ಕೊಟ್ಲು.” ಗಂಗಾಧರಯ್ಯನ ದನಿ ಸಣ್ಣದಾಯಿತು. “ಬಾಣಂತಿ ಹೆಸರಲ್ಲಿ ದುಡ್ಡು ಬ್ಯಾಡ ಅಂದ್ಲು.”

ಮ್ಯಾಜಿಸ್ಟ್ರೇಟರು ಠಾಣೆಯ ಸಬ್ ಇನ್‌ಸ್ಪೆಕ್ಟರರನ್ನು ನೋಡಿದರು. “ಕದಿಯೋಕೆ ಹೊರಟವನಿಗೆ ಬಲೆ ಹಾಕಿ, ಬೇಡ ಅನ್ನಲ್ಲ. ಸುಮ್ಮನೆ ಮನೆಯಲ್ಲಿದ್ದವಳ ಕೈಯಲ್ಲಿ ನೀವೇ ತಪ್ಪು ಮಾಡಿಸಿ ಹಿಡಿದು ತಂದರೆ ಅದನ್ನ ಏನನ್ನಬೇಕು?”

ಮ್ಯಾಜಿಸ್ಟ್ರೇಟರು ತಿಪ್ಪಮ್ಮನ ಕಡೆ ತಿರುಗಿದರು.

“ಆದರೂ ಬಾಟಲಿ ಕೊಟ್ಟದ್ದು ನಿಜ. ತಪ್ಪೇ ಇಲ್ಲ ಅಂತ ಬರೆಯೋಕೆ ಕಾನೂನು ನನಗೆ ಬಿಡೋದಿಲ್ಲ. ಇವತ್ತು ಕೋರ್ಟು ಮುಗಿಯೋವರೆಗೂ ಇಲ್ಲೇ ಕೂತಿರಮ್ಮಾ. ಅಷ್ಟೇ ಶಿಕ್ಷೆ.”

ತಿಪ್ಪಮ್ಮ ಹಿಂದಿನ ಬೆಂಚಿನಲ್ಲಿ ಕೂತಳು. ಬೇರೆ ಕೇಸುಗಳು ನಡೆದವು. ಹೊರಗೆ ಜೀಪು ಸ್ಟಾರ್ಟ್ ಆಯಿತು. ಸಬ್ ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು ಬಾ ಎಂದು ಕೈಸನ್ನೆ ಮಾಡಿದರು. ಗಂಗಾಧರಯ್ಯ ನೋಡಿದರೂ ನೋಡದವನಂತೆ ಬಂದು, ಟೋಪಿ ತೆಗೆದು, ಅವಳ ಪಕ್ಕದಲ್ಲಿ ಕೂತ. ಜೀಪು ಹೊರಟುಹೋಯಿತು.

“ನಿಂಗೂ ಶಿಕ್ಷೆ ಹಾಕವ್ರೇನಪ್ಪಾ?” ತಿಪ್ಪಮ್ಮ ಮೆಲ್ಲಗೆ ಕೇಳಿದಳು.

“ಇಲ್ಲಮ್ಮಾ” ಎಂದ. ಎದ್ದು ಹೋಗಲಿಲ್ಲ.