ಅಪರೂಪದ ಬಸಿರು

ಶಿಬಿರದ ಆನೆಗಳಿಗೆ ರಾಗಿಮುದ್ದೆ ಬೇಯಿಸುವ ದಿನಗೂಲಿ ಬೊಮ್ಮಿಗೆ ಏಳು ತಿಂಗಳು ತುಂಬಿತ್ತು. ಮೊದಲ ಬಸಿರು ಕೊಪ್ಪರಿಗೆ ಎತ್ತುವಾಗಲೇ ಜಾರಿತ್ತು. ಈ ಸಲ ರಜೆ ಕೇಳಿಯೇಬಿಡೋಣವೆಂದು ಹೋದರೆ ಸಾಹೇಬರು ಕುಣಿದಾಡುತ್ತಿದ್ದರು.

“ನಮ್ಮ ಆನೆ ಮಂಗಳಿ ಬಸುರಿ ಕಣಮ್ಮ! ವಿಜ್ಞಾನಿಗಳು ಲ್ಯಾಬಲ್ಲಿ ಮಾಡಿ ಹೊಟ್ಟೇಲಿಟ್ಟಿರೋದು ಮ್ಯಾಮತ್ತು! ಸಾವಿರಾರು ವರ್ಷದ ಹಿಂದೆ ವಂಶಾನೇ ಅಳಿದುಹೋಗಿದ್ದ ಉಣ್ಣೆ ಆನೆ!”

“ಒಳ್ಳೇದಾಯ್ತು ಸಾಮಿ. ಅವಳ ದಿಮ್ಮಿ ಎಳೆಯೋ ಕೆಲಸ?”

“ಹೆರೋವರೆಗೂ ಒಂದು ಕಡ್ಡೀನೂ ಎತ್ತೋ ಹಾಗಿಲ್ಲ. ದಿನಾ ಡಾಕ್ಟ್ರು, ಬೆಲ್ಲ, ತೆಂಗಿನಕಾಯಿ, ಎಲ್ಲಾ ಸರ್ಕಾರದ್ದೇ.”

“ನಂಗೂ ಮೂರು ತಿಂಗಳು ರಜೆ ಬೇಕಿತ್ತು.”

“ದಿನಗೂಲಿಯವರಿಗೆ ಎಂಥಾ ರಜೆ? ಆಗಲ್ಲ ಅಂದ್ರೆ ಬಿಟ್ಟುಹೋಗು, ಬೇರೆಯವಳು ಬರ್ತಾಳೆ.”

ಬೊಮ್ಮಿ ಸೆರಗು ಸರಿಸಿ, ಹೊಟ್ಟೆಯನ್ನು ಸಾಹೇಬರ ಮೇಜಿಗೆ ತಾಗಿಸಿ ನಿಂತಳು.

“ಇದೂ ಮ್ಯಾಮತ್ತೇ ಅಂತ ಬರ್ಕೊಳ್ಳಿ ಸಾಮಿ.”