ಅಂತಿಮಯಾತ್ರೆಯ ತಾಲೀಮು

ಲಿಗೋರಿ ಮಾಸ್ತರರು ನೂರು ವರ್ಷದ ಹಿಂದಿನ ಜಾಝ್ ಸಂಗೀತವನ್ನು ಊರಿಗೇ ಕಲಿಸಿದವರು. ಹಾಸಿಗೆ ಹಿಡಿದ ಮೇಲೆ ತಮ್ಮ ಶವಯಾತ್ರೆಗೂ ಅದೇ ಬೇಕೆಂದು ಹಟ ಹಿಡಿದು, ಶಿಷ್ಯ ಮೆಲ್ವಿನ್‌ನ ಬ್ಯಾಂಡನ್ನು ಪ್ರತಿ ಭಾನುವಾರ ಹಾಸಿಗೆಯ ಪಕ್ಕ ನಿಲ್ಲಿಸಿ ತಾಲೀಮು ಮಾಡಿಸುತ್ತಿದ್ದರು.

"ಟ್ರಂಪೆಟ್ ಅಪಸ್ವರ! ಇಷ್ಟು ಕೆಟ್ಟ ಸಂಗೀತಕ್ಕೆ ನಾನು ಸಾಯುವುದಿಲ್ಲ. ಬರುವ ವಾರ ಬನ್ನಿ" ಎಂದು ಪ್ರತಿಸಲವೂ ಗದರುವರು.

ಟ್ರಂಪೆಟ್ ಊದುವ ಮೆಲ್ವಿನ್‌ಗೆ ಅವಮಾನವಾಯಿತು. ಊಟ ನಿದ್ದೆ ಬಿಟ್ಟು ಅಭ್ಯಾಸ ಮಾಡಿದ. ಈ ಭಾನುವಾರ ಒಂದು ಸ್ವರವೂ ಜಾರಲಿಲ್ಲ. ಮಾಸ್ತರರು ಕಣ್ಣು ಮುಚ್ಚಿ ಕೇಳಿ, "ಈಗ ಸರಿಯಾಯಿತು ಮಗಾ" ಎಂದರು.

ಮೆಲ್ವಿನ್ ಹಿಗ್ಗಿನಿಂದ ಗೇಟು ದಾಟುವಷ್ಟರಲ್ಲಿ ಮಾಸ್ತರರ ಹೆಂಡತಿ ಓಡಿಬಂದು ಅವನ ಕಿವಿ ಹಿಂಡಿದರು.

"ಇಷ್ಟು ಚಂದ ಊದ್ಲಿಕ್ಕೆ ನಿನಗೆ ಯಾರು ಹೇಳಿದ್ದು ಮಾರಾಯ? ಬರುವ ಭಾನುವಾರ ಬಂದು ಪುನಃ ತಪ್ಪು ಊದು!"